ಗ್ರೀಕರ ನೀತಿಶಾಸ್ತ್ರವನ್ನು ಗುಂಪಿನಲ್ಲಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಳ್ಳೆಯ ಬದುಕಿನ ಬಗ್ಗೆ ಪ್ರಾಚೀನ ಗ್ರೀಕರು ಬರೆದದ್ದನ್ನು ನಾಲ್ಕಾರು ಜನ ಒಟ್ಟಿಗೆ ಕೂತು ಓದಬೇಕು ಅನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು. ಹೊಸದಾಗಿ ಗುಂಪು ಕಟ್ಟುವವರಿಗೂ, ಈಗಾಗಲೇ ಇರುವ ಗುಂಪಿಗೆ ಸೇರುವವರಿಗೂ ಇದು ಉಪಯೋಗಕ್ಕೆ ಬರಲಿ.

ಯಾರ್ಯಾರನ್ನು ಓದುತ್ತೇವೆ?

ಮೊದಲು ಸಾಕ್ರಟೀಸ್. ಅವನು ಒಂದು ಸಾಲನ್ನೂ ಬರೆದಿಡಲಿಲ್ಲ. ಅಥೆನ್ಸಿನ ಬೀದಿಯಲ್ಲಿ, ಸಂತೆಯಲ್ಲಿ, ಗರಡಿಯಲ್ಲಿ ಸಿಕ್ಕವರ ಜೊತೆ ಮಾತಾಡಿದ. ಕ್ರಿ.ಪೂ. 399ರಲ್ಲಿ ಅದೇ ಊರು ಅವನಿಗೆ ವಿಷ ಕುಡಿಸಿತು. ಅವನನ್ನು ನಾವು ಕಾಣುವುದು ಹೆಚ್ಚಾಗಿ ಪ್ಲೇಟೋ ಬರೆದ ಸಂಭಾಷಣೆಗಳಲ್ಲಿ. ಆಮೇಲೆ ಅರಿಸ್ಟಾಟಲ್ (ಕ್ರಿ.ಪೂ. 384–322). ಹದಿನೇಳನೇ ವಯಸ್ಸಿಗೆ ಪ್ಲೇಟೋನ ಅಕಾಡೆಮಿಗೆ ಬಂದು ಇಪ್ಪತ್ತು ವರ್ಷ ಅಲ್ಲೇ ಇದ್ದವನು. ಅವನ ನಂತರ ಎಪಿಕ್ಯೂರಸ್ (ಕ್ರಿ.ಪೂ. 341–270) ಮತ್ತು ಸ್ಟೋಯಿಕರು ಎಂಬ ಪಂಥದವರು. ಸ್ಟೋಯಿಕರಲ್ಲಿ ಈಗ ನಮಗೆ ಹೆಚ್ಚಾಗಿ ಓದಲು ಸಿಗುವವರು ಬಹಳ ತಡವಾಗಿ ಬಂದವರು. ಒಬ್ಬ ಎಪಿಕ್ಟೆಟಸ್, ಗುಲಾಮನಾಗಿದ್ದವನು. ಇನ್ನೊಬ್ಬ ಮಾರ್ಕಸ್ ಆರೀಲಿಯಸ್, ಕ್ರಿ.ಶ. 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಅವನು ತನ್ನ ಟಿಪ್ಪಣಿಗಳನ್ನು ಬರೆದದ್ದು ಗ್ರೀಕಿನಲ್ಲೇ.

ಇವರೆಲ್ಲರೂ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಾರೆ. ನಾವು ಮಾತಾಡುತ್ತಿರುವುದು ಸಣ್ಣ ವಿಷಯವಲ್ಲ, ಹೇಗೆ ಬದುಕಬೇಕು ಅನ್ನುವುದರ ಬಗ್ಗೆ ಅಂತ ಪ್ಲೇಟೋ ಬರೆದ 'ರಿಪಬ್ಲಿಕ್'ನ ಮೊದಲ ಭಾಗದಲ್ಲಿ ಸಾಕ್ರಟೀಸ್ ನೆನಪಿಸುತ್ತಾನೆ.

ಮನೇಲಿ ಒಬ್ಬರೇ ಓದಿಕೊಂಡರೆ ಆಗಲ್ವಾ? ಗುಂಪು ಯಾಕೆ?

ಓದಬಹುದು. ಆದರೆ ಈ ಪುಸ್ತಕಗಳ ವಿಷಯದಲ್ಲಿ ಗುಂಪು ಅನ್ನುವುದು ಬರೀ ಅನುಕೂಲವಲ್ಲ, ಪಾಠದ್ದೇ ಒಂದು ಭಾಗ.

ಪ್ಲೇಟೋ ಪ್ರಬಂಧ ಬರೆಯಬಹುದಿತ್ತು. ಬರೆದದ್ದು ಸಂಭಾಷಣೆ. ಅಲ್ಲಿ ಒಬ್ಬ ತನಗೆ ಗೊತ್ತು ಅಂದುಕೊಂಡದ್ದನ್ನು ಗಟ್ಟಿಯಾಗಿ ಹೇಳುತ್ತಾನೆ. ಎದುರಿಗಿರುವವನು ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಹೇಳಿದವನ ಮುಖ ಕೆಂಪಾಗುತ್ತದೆ. ಒಬ್ಬರೇ ಓದುವಾಗ ಆ ಕೆಂಪು ಮುಖ ಯಾವಾಗಲೂ ಬೇರೆಯವರದ್ದು. ಗುಂಪಿನಲ್ಲಿ ಒಂದಲ್ಲ ಒಂದು ದಿನ ನಮ್ಮದೇ.

ಅರಿಸ್ಟಾಟಲ್ ಇನ್ನೂ ನೇರವಾಗಿ ಹೇಳುತ್ತಾನೆ. ಅವನ 'ನಿಕೊಮಾಕಿಯನ್ ಎಥಿಕ್ಸ್' ಹತ್ತು ಭಾಗಗಳ ಪುಸ್ತಕ. ಅದರಲ್ಲಿ 8 ಮತ್ತು 9, ಎರಡು ಇಡೀ ಭಾಗಗಳು, ಸ್ನೇಹಕ್ಕೇ ಮೀಸಲು. ನ್ಯಾಯಕ್ಕೆ ಸಿಕ್ಕಿದ್ದು ಒಂದೇ ಭಾಗ! ಬೇರೆ ಎಲ್ಲ ಸಂಪತ್ತು ಇದ್ದರೂ ಸ್ನೇಹಿತರಿಲ್ಲದ ಬದುಕನ್ನು ಯಾರೂ ಬಯಸಲಾರರು ಅಂತ ಶುರು ಮಾಡುತ್ತಾನೆ. ಒಳ್ಳೆಯ ಬದುಕು ಬದುಕುತ್ತಿರುವವನಿಗೂ ಸ್ನೇಹಿತರು ಬೇಕಾ ಅಂತ ಕೇಳಿಕೊಂಡು, ಬೇಕು ಅನ್ನುತ್ತಾನೆ. ಮನುಷ್ಯರು ಕೂಡಿ ಬಾಳುವುದು ಅಂದರೆ ಮಾತನ್ನೂ ಯೋಚನೆಯನ್ನೂ ಹಂಚಿಕೊಳ್ಳುವುದು. ದನಗಳ ಹಾಗೆ ಒಂದೇ ಜಾಗದಲ್ಲಿ ಮೇಯುವುದಲ್ಲ ಎಂಬ ಮಾತು ಬರುವುದು ಅಲ್ಲೇ. ಒಟ್ಟಿಗೆ ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗ್ರೀಕ್ ಗಾದೆಯನ್ನೂ ಅವನು ನೆನೆಯುತ್ತಾನೆ. ಉಪ್ಪಿನ ಋಣದ ಮಾತು ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಎಪಿಕ್ಯೂರಸ್ ಅಂತೂ ಅಥೆನ್ಸಿನ ಹೊರಗೆ ಒಂದು ತೋಟ ಕೊಂಡು, ಸ್ನೇಹಿತರ ಜೊತೆ ಅಲ್ಲೇ ಇದ್ದ. ತಾನು ಸತ್ತ ಮೇಲೂ ಪ್ರತಿ ತಿಂಗಳ 20ನೇ ದಿನ ಎಲ್ಲರೂ ಸೇರಬೇಕು ಅಂತ ಉಯಿಲಿನಲ್ಲಿ ಬರೆದಿಟ್ಟ. ತಿಂಗಳಿಗೊಮ್ಮೆ ಸೇರುವ ಗುಂಪು ನೀವು ಕಟ್ಟುತ್ತೀರಾದರೆ ಆ ದಿನವನ್ನೇ ಇಟ್ಟುಕೊಳ್ಳಿ, ಚೆನ್ನಾಗಿರುತ್ತದೆ.

ಎಲ್ಲಿಂದ ಶುರು ಮಾಡಬೇಕು? 'ರಿಪಬ್ಲಿಕ್' ಇಂದಲೇ?

ದಯವಿಟ್ಟು ಬೇಡ. 'ರಿಪಬ್ಲಿಕ್' ದೊಡ್ಡ ಪುಸ್ತಕ. ಅದರಿಂದ ಶುರು ಮಾಡಿದ ಗುಂಪುಗಳು ಅರ್ಧಕ್ಕೇ ಸುಸ್ತಾಗುವುದು ಜಾಸ್ತಿ. ಸಾಕ್ರಟೀಸನ ವಿಚಾರಣೆಯ 'ಅಪಾಲಜಿ'ಯಿಂದ ಶುರು ಮಾಡುವುದು ವಾಡಿಕೆ, ಅದು ಒಳ್ಳೆಯದೇ. ಆದರೆ ಅದು ಬಹುಪಾಲು ಒಬ್ಬನೇ ಮಾಡುವ ಭಾಷಣ. ಗುಂಪಿಗೆ ನಾನು ಮೊದಲು ಕೊಡುವುದು 'ಲ್ಯಾಕೀಸ್' ಅನ್ನುವ ಚಿಕ್ಕ ಸಂಭಾಷಣೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅದು ಶುರುವಾಗುವುದು ಇಬ್ಬರು ಅಪ್ಪಂದಿರ ಚಿಂತೆಯಿಂದ. ಲಿಸಿಮಾಕಸ್ ಮತ್ತು ಮೆಲೀಸಿಯಾಸ್. ಇಬ್ಬರ ತಂದೆಯರೂ ಅಥೆನ್ಸಿನಲ್ಲಿ ಹೆಸರು ಮಾಡಿದವರು. ಇವರು ಮಾತ್ರ ಏನೂ ಸಾಧಿಸಲಿಲ್ಲ. ಮಕ್ಕಳಿಗೆ ತಾತಂದಿರ ಕಥೆ ಹೇಳಬಹುದು, ತಮ್ಮ ಬಗ್ಗೆ ಹೇಳಲು ಏನೂ ಇಲ್ಲ ಅಂತ ನಾಚಿಕೆಯಿಂದ ಒಪ್ಪಿಕೊಳ್ಳುತ್ತಾರೆ. ಮಕ್ಕಳಾದರೂ ಚೆನ್ನಾಗಿ ಬೆಳೆಯಲಿ, ಅವರಿಗೆ ಕವಚ ತೊಟ್ಟು ಕಾದಾಡುವ ವಿದ್ಯೆ ಕಲಿಸಬೇಕಾ ಬೇಡವಾ ಅಂತ ಇಬ್ಬರು ಸೇನಾಪತಿಗಳನ್ನು ಕೇಳುತ್ತಾರೆ. ಮಗುವನ್ನು ಯಾವ ಕ್ಲಾಸಿಗೆ ಸೇರಿಸೋಣ ಅಂತ ತಲೆ ಕೆಡಿಸಿಕೊಂಡಿರುವ ಯಾವ ತಂದೆತಾಯಿಗೂ ಈ ಪುಟಗಳು ಹೊಸದಲ್ಲ.

ಸೇನಾಪತಿಗಳಲ್ಲಿ ನಿಕಿಯಾಸ್ ಕಲಿಸಿ ಅನ್ನುತ್ತಾನೆ, ಲ್ಯಾಕೀಸ್ ಬೇಡ ಅನ್ನುತ್ತಾನೆ. ಅಲ್ಲಿದ್ದ ಸಾಕ್ರಟೀಸನನ್ನು ಮಧ್ಯಸ್ಥಿಕೆಗೆ ಕರೆದರೆ, ಅವನು ಪ್ರಶ್ನೆಯನ್ನೇ ಬದಲಿಸುತ್ತಾನೆ. ಮೊದಲು ಧೈರ್ಯ ಅಂದರೆ ಏನು ಹೇಳಿ. ಲ್ಯಾಕೀಸ್‌ಗೆ ಇದು ತೀರಾ ಸುಲಭ. ಸಾಲು ಬಿಟ್ಟು ಓಡದೆ ನಿಂತು ಹೋರಾಡುವವನೇ ಧೈರ್ಯವಂತ. ಹಾಗಾದರೆ ಹಿಂದೆ ಸರಿಯುತ್ತಲೇ ಹೋರಾಡುವವರು? ಕಾಯಿಲೆಯಲ್ಲಿ, ಬಡತನದಲ್ಲಿ ಧೈರ್ಯವಾಗಿರುವವರು? ಲ್ಯಾಕೀಸ್ ಮತ್ತೆ ಯೋಚಿಸಿ, ಧೈರ್ಯ ಅಂದರೆ ಮನಸ್ಸಿನ ತಾಳಿಕೆ ಅನ್ನುತ್ತಾನೆ. ಮೂರ್ಖತನದ ತಾಳಿಕೆಯೂ ಇದೆಯಲ್ಲ? ನಿಕಿಯಾಸ್ ಇನ್ನೊಂದು ಉತ್ತರ ಕೊಡುತ್ತಾನೆ, ಯಾವುದಕ್ಕೆ ಹೆದರಬೇಕು ಯಾವುದಕ್ಕೆ ಹೆದರಬಾರದು ಅನ್ನುವ ತಿಳಿವಳಿಕೆಯೇ ಧೈರ್ಯ. ಅದೂ ನಿಲ್ಲುವುದಿಲ್ಲ.

ಈ ಸಂಭಾಷಣೆ ಓದಿದವರಿಗೆ ಮುಂದಿನ ಚರಿತ್ರೆ ಗೊತ್ತಿತ್ತು. ಲ್ಯಾಕೀಸ್ ಕ್ರಿ.ಪೂ. 418ರಲ್ಲಿ ಮ್ಯಾಂಟಿನಿಯಾ ಯುದ್ಧದಲ್ಲಿ ಸತ್ತ. ನಿಕಿಯಾಸ್ 413ರಲ್ಲಿ ಸಿಸಿಲಿಯಿಂದ ಸೈನ್ಯವನ್ನು ಹಿಂದೆ ಕರೆತರಬೇಕಾದ ಹೊತ್ತಿಗೆ ಚಂದ್ರಗ್ರಹಣ ಆಯಿತು. ಕಣಿ ಹೇಳುವವರ ಮಾತು ಕೇಳಿ ಹೊರಡುವುದನ್ನು ಮುಂದೂಡಿದ. ಸೈನ್ಯ ನಾಶವಾಯಿತು, ಅವನೂ ಸತ್ತ. ಸಂಭಾಷಣೆಯ ಒಳಗೆ ಸಾಕ್ರಟೀಸ್ ಅವನಿಗೇ ಹೇಳುತ್ತಾನೆ, ಕಾನೂನಿನ ಪ್ರಕಾರ ಸೇನಾಪತಿ ಕಣಿಗಾರನಿಗೆ ಆಜ್ಞೆ ಮಾಡಬೇಕು, ಕಣಿಗಾರ ಸೇನಾಪತಿಗಲ್ಲ ಅಂತ. ಇದನ್ನು ತಿಳಿದು ಎರಡನೇ ಸಲ ಓದಿದರೆ ಮೈ ಜುಮ್ಮೆನ್ನುತ್ತದೆ.

ಕೊನೆಗೆ ಧೈರ್ಯ ಅಂದರೆ ಏನು ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ನಾವೆಲ್ಲರೂ ಮತ್ತೆ ಕಲಿಯಬೇಕು, ನಾಳೆ ಬೆಳಿಗ್ಗೆ ಸೇರೋಣ ಅಂತ ಎದ್ದು ಹೋಗುತ್ತಾರೆ. ಹೊಸ ಗುಂಪಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಇದಾದ ಮೇಲೆ 'ಯೂಥಿಫ್ರೋ', 'ಅಪಾಲಜಿ', 'ಕ್ರೈಟೋ'. ಆಮೇಲೆ ಅರಿಸ್ಟಾಟಲ್.

ಗ್ರೀಕ್ ಬರಬೇಕಾ? ಕನ್ನಡದಲ್ಲೇ ಚರ್ಚೆ ಮಾಡಬಹುದಾ?

ಗ್ರೀಕ್ ಬೇಡ. ಹೆಚ್ಚಿನವರು ಇಂಗ್ಲಿಷ್ ಅನುವಾದ ಇಟ್ಟುಕೊಂಡು ಬರುತ್ತಾರೆ. ಬೆಂಜಮಿನ್ ಜೋವೆಟ್ ಮಾಡಿದ ಪ್ಲೇಟೋ, ಜಾರ್ಜ್ ಲಾಂಗ್ ಮಾಡಿದ ಎಪಿಕ್ಟೆಟಸ್ ಮತ್ತು ಮಾರ್ಕಸ್ 19ನೇ ಶತಮಾನದವು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಭಾಷೆ ಸ್ವಲ್ಪ ಹಳೆಯದು. ದುಡ್ಡು ಕೊಡಲು ಆಗುವವರು ಹೊಸ ಅನುವಾದ ತಂದರೆ ಒಂದೇ ಸಾಲನ್ನು ಎರಡು ರೀತಿ ಕೇಳಬಹುದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲಿ ಮೂಲ ಗ್ರೀಕ್ ಮತ್ತು ಇಂಗ್ಲಿಷ್ ಎರಡೂ ಇವೆ.

ಮಾತು ಮಾತ್ರ ಕನ್ನಡದಲ್ಲೇ ಆಗಲಿ. ಇಂಗ್ಲಿಷಿನಲ್ಲಿ ಮಾತಾಡುವಾಗ ಓದಿದ ಪದಗಳನ್ನೇ ತಿರುಗಿಸಿ ಹೇಳಿ ಪಾರಾಗಿಬಿಡುತ್ತೇವೆ. ಕನ್ನಡದಲ್ಲಿ ಹೇಳಲು ಹೊರಟಾಗ, ಅರ್ಥವಾಗದಿದ್ದರೆ ಬಾಯಿ ಅಲ್ಲೇ ಕಟ್ಟುತ್ತದೆ.

ಗ್ರೀಕರು ಕನ್ನಡಕ್ಕೆ ಹೊಸಬರೂ ಅಲ್ಲ. ಬಿ.ಎಂ.ಶ್ರೀ ಅವರು ಸೋಫೋಕ್ಲಿಸನ ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. 1935ರಲ್ಲಿ ಈಸ್ಕಿಲಸನ ನಾಟಕ 'ಪಾರಸಿಕರು' ಆಗಿ ಬಂತು. ಮಾನ, ಅವಮಾನ, ಸಿಟ್ಟು ಇವುಗಳ ಬಗ್ಗೆ ಮಾತಾಡುವ ವಾರ 'ಅಶ್ವತ್ಥಾಮನ್' ಓದಿಕೊಂಡು ಬನ್ನಿ ಅಂತ ಕೇಳಿಕೊಳ್ಳುತ್ತೇನೆ.

ಪುಟದ ಅಂಚಿನಲ್ಲಿರುವ '190ಎ', '1106ಬಿ' ಥರದ ಗುರುತುಗಳು ಏನು?

ಬೇರೆ ಬೇರೆ ಅನುವಾದ ಹಿಡಿದವರು ಒಂದೇ ಸಾಲಿಗೆ ಬರಲು ಇರುವ ವ್ಯವಸ್ಥೆ. ಪ್ಲೇಟೋಗೆ 1578ರಲ್ಲಿ ಸ್ಟೆಫಾನಸ್ ಅಚ್ಚು ಹಾಕಿಸಿದ ಆವೃತ್ತಿಯ ಪುಟಗಳು. ಅರಿಸ್ಟಾಟಲ್‌ಗೆ 1831ರ ಬೆಕ್ಕರ್ ಆವೃತ್ತಿಯ ಪುಟಗಳು. ಪುಸ್ತಕ ಕೊಳ್ಳುವಾಗ ಈ ಗುರುತು ಇದೆಯಾ ನೋಡಿ.

ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಓದಬೇಕು?

ಆರರಿಂದ ಹತ್ತು ಜನ. ಎರಡು ಗಂಟೆ. ಎಂಟು ಹತ್ತು ಪುಟ ಸಾಕು, ಅರಿಸ್ಟಾಟಲ್ ಆದರೆ ಇನ್ನೂ ಕಡಿಮೆ. ಜೋರಾಗಿ ಓದಿ. ಸಂಭಾಷಣೆ ಆದರೆ ಪಾತ್ರ ಹಂಚಿಕೊಂಡು ಓದಿ. ನಿಕಿಯಾಸನ ಮಾತು ಓದಿದವರು ಅವನ ಪರ ವಾದಿಸಲು ತಾವಾಗೇ ಶುರು ಮಾಡುತ್ತಾರೆ.

ಒಳ್ಳೆಯ ಬದುಕು ಅಂದರೆ ಖುಷಿಯಾಗಿರುವುದು ಅಂತಲೇ ಅಲ್ವಾ?

ಈ ಪ್ರಶ್ನೆಗೆ ಕನಿಷ್ಠ ಎರಡು ವಾರ ಕೊಡಿ. ಗ್ರೀಕರು ನೋಡುವುದು ಇವತ್ತಿನ ಮನಸ್ಥಿತಿಯನ್ನಲ್ಲ, ಇಡೀ ಬದುಕನ್ನು.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕಥೆಯಿಂದ ಶುರು ಮಾಡಬಹುದು. ಲಿಡಿಯಾದ ರಾಜ ಕ್ರೀಸಸ್ ತನ್ನ ಖಜಾನೆಯನ್ನೆಲ್ಲ ತೋರಿಸಿ, ನೀನು ಕಂಡವರಲ್ಲಿ ಅತ್ಯಂತ ಸುಖಿ ಯಾರು ಅಂತ ಅಥೆನ್ಸಿನ ಸೋಲನ್‌ನನ್ನು ಕೇಳುತ್ತಾನೆ. ಸೋಲನ್ ಹೇಳುವುದು ಟೆಲ್ಲಸ್ ಎಂಬ ಒಬ್ಬ ನಾಗರಿಕನ ಹೆಸರು. ಒಳ್ಳೆಯ ಮಕ್ಕಳಿದ್ದರು, ಮೊಮ್ಮಕ್ಕಳನ್ನು ಕಂಡ, ಊರಿಗಾಗಿ ಹೋರಾಡಿ ಸತ್ತ. ರಾಜನಿಗೆ ಸಿಟ್ಟು ಬರುತ್ತದೆ. ಕೊನೆ ನೋಡದೆ ಯಾರನ್ನೂ ಸುಖಿ ಅನ್ನಬೇಡ ಅನ್ನುತ್ತಾನೆ ಸೋಲನ್. ಮುಂದೆ ಪರ್ಷಿಯಾದ ಸೈರಸ್‌ನ ಕೈಗೆ ಸಿಕ್ಕಿ, ಚಿತೆಯ ಮೇಲೆ ನಿಂತಾಗ ಕ್ರೀಸಸ್ ಸೋಲನ್‌ನ ಹೆಸರು ಕೂಗುತ್ತಾನೆ.

ಅರಿಸ್ಟಾಟಲ್ ಈ ಮಾತನ್ನು ಎತ್ತಿಕೊಂಡು ಕೇಳುತ್ತಾನೆ. ಹಾಗಾದರೆ ಸತ್ತವರು ಮಾತ್ರ ಸುಖಿಗಳಾ? ಅವನ ಪ್ರಕಾರ ಒಳ್ಳೆಯ ಬದುಕು ಅಂದರೆ ಒಳ್ಳೆಯ ಗುಣಗಳನ್ನು ಜೀವನದುದ್ದಕ್ಕೂ ಕೆಲಸದಲ್ಲಿ ತೋರಿಸುತ್ತಿರುವುದು. ಒಂದು ಪಕ್ಷಿ ಬಂದ ಮಾತ್ರಕ್ಕೆ ವಸಂತ ಬಂದಂತಲ್ಲ ಅನ್ನುವ ಮಾತು ಅವನು ಹೇಳುವುದು ಈ ಸಂದರ್ಭದಲ್ಲಿ. ಗುಣವಂತ ಕಷ್ಟವನ್ನು ಗೌರವದಿಂದ ಸಹಿಸುತ್ತಾನೆ. ಆದರೂ ಟ್ರಾಯ್‌ನ ಮುದಿರಾಜ ಪ್ರಿಯಾಮನ ಹಾಗೆ ಮಕ್ಕಳು, ಊರು ಎಲ್ಲ ಕಳೆದುಕೊಂಡವನನ್ನು ಪೂರ್ತಿ ಸುಖಿ ಅನ್ನಲು ಅರಿಸ್ಟಾಟಲ್‌ಗೆ ಮನಸ್ಸು ಬರುವುದಿಲ್ಲ. ಸ್ಟೋಯಿಕರು ಇದನ್ನು ಒಪ್ಪುವುದಿಲ್ಲ. ಗುಣ ಒಂದೇ ಸಾಕು, ಉಳಿದದ್ದು ಹೋದರೂ ಒಳ್ಳೆಯ ಬದುಕಿಗೆ ಧಕ್ಕೆ ಇಲ್ಲ ಅನ್ನುತ್ತಾರೆ.

ನನಗೆ ಇಲ್ಲಿ ಅರಿಸ್ಟಾಟಲ್ ಸರಿ ಅನ್ನಿಸುತ್ತದೆ. ಮಗುವನ್ನು ಕಳೆದುಕೊಂಡ ತಾಯಿಗೆ, ನಿನ್ನ ಬದುಕಿಗೆ ಏನೂ ಕೊರತೆ ಆಗಿಲ್ಲ ಅಂತ ಹೇಳುವ ತತ್ವವನ್ನು ನಾನು ಒಪ್ಪಲಾರೆ. ಆದರೆ ಸ್ಟೋಯಿಕರ ಪರ ಗಟ್ಟಿಯಾಗಿ ನಿಂತವರು, ಅದರಲ್ಲೂ ದೊಡ್ಡ ಕಷ್ಟ ದಾಟಿ ಬಂದವರು, ಗುಂಪಿನಲ್ಲಿ ಇದ್ದಾಗ ಚರ್ಚೆಗೆ ಬೇರೆಯೇ ತೂಕ ಬರುತ್ತದೆ.

ಅರಿಸ್ಟಾಟಲ್ ಹೇಳುವುದು 'ಎಲ್ಲದರಲ್ಲೂ ಮಿತವಾಗಿರು' ಅಂತ ತಾನೇ?

ಅಲ್ಲ. ಇದು ತುಂಬಾ ಹರಡಿರುವ ತಪ್ಪು ತಿಳಿವಳಿಕೆ. ಧೈರ್ಯ ಅನ್ನುವುದು ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಇದೆ ಅನ್ನುತ್ತಾನೆ, ನಿಜ. ಆದರೆ ಆ ನಡು ಎಲ್ಲರಿಗೂ ಒಂದೇ ಅಲ್ಲ. ಹತ್ತು ಪಾಲು ಊಟ ಜಾಸ್ತಿ, ಎರಡು ಪಾಲು ಕಡಿಮೆ ಅಂದಮಾತ್ರಕ್ಕೆ ಎಲ್ಲರಿಗೂ ಆರು ಬಡಿಸಲು ಆಗುವುದಿಲ್ಲ. ಮೈಲೋ ಎಂಬ ಜಟ್ಟಿಗೆ ಅದು ಸಾಲದು, ಈಗಷ್ಟೇ ಗರಡಿಗೆ ಬಂದವನಿಗೆ ಜಾಸ್ತಿ ಅನ್ನುವುದು ಅವನೇ ಕೊಡುವ ಉದಾಹರಣೆ. ಕಳ್ಳತನ, ಕೊಲೆ, ವ್ಯಭಿಚಾರ ಇವಕ್ಕೆ ನಡು ಅನ್ನುವುದೇ ಇಲ್ಲ ಅಂತಲೂ ಬಿಡಿಸಿ ಹೇಳಿದ್ದಾನೆ.

ಸಿಟ್ಟನ್ನು ತೆಗೆದುಕೊಳ್ಳಿ. ಸಿಟ್ಟು ಮಾಡಿಕೊಳ್ಳುವುದು ಸುಲಭ. ಸರಿಯಾದವರ ಮೇಲೆ, ಸರಿಯಾದ ಹೊತ್ತಿಗೆ, ಸರಿಯಾದ ಕಾರಣಕ್ಕೆ, ಬೇಕಾದಷ್ಟೇ ಸಿಟ್ಟು ಮಾಡಿಕೊಳ್ಳುವುದು ಕಷ್ಟ ಅನ್ನುತ್ತಾನೆ. ಸಿಟ್ಟು ಬರಬೇಕಾದ ಕಡೆ ಬರದಿರುವುದೂ ಅವನಿಗೆ ದೋಷವೇ. ಆ ವಾರದಲ್ಲಿ ತಮಗೆ ಬಂದ ಒಂದು ಸಿಟ್ಟನ್ನು ಎಲ್ಲರೂ ನೆನೆದು, ಇದರಲ್ಲಿ ಯಾವುದು ತಪ್ಪಿತ್ತು ನೋಡಬಹುದು. ಆಫೀಸಿನ ಸಿಟ್ಟನ್ನು ಮನೆಯಲ್ಲಿ ತೀರಿಸಿದ್ದು ಹೆಚ್ಚು ಕಡಿಮೆ ಪ್ರತಿ ಗುಂಪಿನಲ್ಲೂ ಹೊರಬರುತ್ತದೆ.

ಎಪಿಕ್ಯೂರಸ್ ಅಂದರೆ ತಿಂದುಂಡು ಮಜಾ ಮಾಡು ಅಂದವನು ಅಲ್ವಾ?

ಅವನ ತೋಟದಲ್ಲಿ ಸಾಮಾನ್ಯ ಊಟ ರೊಟ್ಟಿ, ನೀರು. ಒಮ್ಮೆ ಸ್ನೇಹಿತನಿಗೆ, ಒಂದು ಚಿಕ್ಕ ಮಡಕೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬದೂಟ ಮಾಡುತ್ತೇನೆ ಅಂತ ಬರೆದಿದ್ದ. ಸುಖವೇ ಗುರಿ ಅಂದದ್ದು ನಿಜ. ಆದರೆ ಅವನ ಸುಖ ಅಂದರೆ ಮೈಗೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳ ಇಲ್ಲದಿರುವುದು. ಆಸೆಗಳನ್ನು ಮೂರು ಗುಂಪು ಮಾಡಿದ. ಸಹಜವೂ ಅಗತ್ಯವೂ ಆದವು, ಸಹಜ ಆದರೆ ಅಗತ್ಯವಲ್ಲದವು, ಎರಡೂ ಅಲ್ಲದವು. ಕಳೆದ ತಿಂಗಳು ನೀವು ಖರ್ಚು ಮಾಡಿದ್ದನ್ನು ಈ ಮೂರರಲ್ಲಿ ಹಂಚಿ ನೋಡಿ. ಅವನ 'ಮೆನೀಸಿಯಸ್‌ಗೆ ಪತ್ರ' ಕೆಲವೇ ಪುಟ, ಒಂದೇ ದಿನದಲ್ಲಿ ಮುಗಿಯುತ್ತದೆ.

ಸ್ಟೋಯಿಕ್ ಅಂದರೆ ಕಲ್ಲಿನಂತೆ ಇರುವುದಾ? ಮೊಬೈಲಿನಲ್ಲಿ ಬರುವ ವಿಡಿಯೊಗಳಲ್ಲಿ ಹಾಗೇ ಹೇಳುತ್ತಾರೆ.

ಆ ವಿಡಿಯೊಗಳು ಅರ್ಧವನ್ನು ಮಾತ್ರ ಹೇಳುತ್ತವೆ. ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಅನ್ನುವುದರಿಂದ ಎಪಿಕ್ಟೆಟಸ್‌ನ ಕೈಪಿಡಿ ಶುರುವಾಗುತ್ತದೆ, ಸರಿ. ಆದರೆ ಮಾರ್ಕಸ್‌ನ ಟಿಪ್ಪಣಿಗಳ ಮೊದಲ ಭಾಗ ತೆಗೆದು ನೋಡಿ. ಇಡೀ ಭಾಗ ಕೃತಜ್ಞತೆ. ತಾತನಿಂದ ಇದು ಕಲಿತೆ, ತಾಯಿಯಿಂದ ಇದು, ಗುರುಗಳಿಂದ ಇದು ಅಂತ ಒಬ್ಬೊಬ್ಬರನ್ನೇ ನೆನೆಯುತ್ತಾನೆ. ಚಕ್ರವರ್ತಿಯೊಬ್ಬ ತಾನು ಸ್ವಂತವಾಗಿ ಏನೂ ಆಗಲಿಲ್ಲ ಅಂತ ಬರೆದುಕೊಂಡ ಹಾಗಿದೆ. ಗುಂಪಿನ ಎಲ್ಲರೂ ತಮ್ಮದೇ ಅಂಥ ಒಂದು ಪುಟ ಬರೆದು ತಂದು ಓದಿ. ಬರೆಯುವ ಅಭ್ಯಾಸ ಇಲ್ಲದವರು ಹೇಳಿದರೂ ಆಯಿತು.

ಇವರು ಗುಲಾಮಗಿರಿ ಒಪ್ಪಿದವರು, ಹೆಂಗಸರನ್ನು ಕೀಳಾಗಿ ಕಂಡವರು. ಇವರಿಂದ ನೀತಿ ಕಲಿಯಬೇಕಾ?

ಈ ಪ್ರಶ್ನೆಯನ್ನು ಯಾವ ಗುಂಪೂ ತಪ್ಪಿಸಿಕೊಳ್ಳಬಾರದು. ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಅಂತ ಅರಿಸ್ಟಾಟಲ್ 'ಪಾಲಿಟಿಕ್ಸ್'ನ ಮೊದಲ ಭಾಗದಲ್ಲಿ ವಾದಿಸುತ್ತಾನೆ. ಹೆಂಗಸರಿಗೆ ಯೋಚಿಸುವ ಶಕ್ತಿ ಇದ್ದರೂ ಅದಕ್ಕೆ ಅಧಿಕಾರ ಇಲ್ಲ ಅನ್ನುತ್ತಾನೆ. 'ಆ ಕಾಲವೇ ಹಾಗಿತ್ತು' ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಯಾಕೆಂದರೆ ಗುಲಾಮಗಿರಿ ಪ್ರಕೃತಿಯದ್ದಲ್ಲ, ಬಲಾತ್ಕಾರದ್ದು, ಆದ್ದರಿಂದ ಅನ್ಯಾಯ ಅನ್ನುವವರೂ ಇದ್ದಾರೆ ಅಂತ ಅವನೇ ಅಲ್ಲಿ ಬರೆದಿದ್ದಾನೆ. ಅಂದರೆ ಆ ವಾದ ಅವನ ಕಿವಿಗೆ ಬಿದ್ದಿತ್ತು. ಹುಟ್ಟಿನಿಂದ ಯೋಗ್ಯತೆ ಅಳೆಯುವ ಮಾತು ನಮ್ಮ ನೆಲದಲ್ಲೂ ಎಷ್ಟು ಜನರ ಬದುಕು ತಿಂದಿದೆ ಅಂತ ಗೊತ್ತಿರುವ ನಾವು ಆ ಪುಟಗಳನ್ನು ಹಾರಿಸದೆ, ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ಪ್ರಶ್ನಿಸುತ್ತ ಓದಬೇಕು.

ಜೊತೆಗೆ ಬೇರೆ ದನಿಗಳನ್ನೂ ತನ್ನಿ. 'ರಿಪಬ್ಲಿಕ್'ನ ಐದನೇ ಭಾಗದಲ್ಲಿ ರಾಜ್ಯ ಕಾಯುವ ಕೆಲಸಕ್ಕೆ ಹೆಂಗಸರೂ ತಕ್ಕವರು ಅನ್ನುವ ವಾದ ಇದೆ. ಅಕಾಡೆಮಿಯಲ್ಲಿ ಲಾಸ್ತೆನಿಯಾ, ಆಕ್ಸಿಯೋತಿಯಾ ಎಂಬ ಇಬ್ಬರು ಹೆಂಗಸರು ಕಲಿತರು ಅಂತ ಗ್ರೀಕ್ ತತ್ವಜ್ಞಾನಿಗಳ ಚರಿತ್ರೆ ಬರೆದ ಡಯೋಜಿನಿಸ್ ಲೇರ್ಷಿಯಸ್ ದಾಖಲಿಸಿದ್ದಾನೆ. ಎಪಿಕ್ಯೂರಸ್‌ನ ತೋಟದಲ್ಲಿ ಹೆಂಗಸರೂ ಗುಲಾಮರೂ ಇದ್ದರು. ಎಪಿಕ್ಟೆಟಸ್‌ನ ಗುರು ಮುಸೋನಿಯಸ್ ರೂಫಸ್ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಹಾಗೇ ಶಿಕ್ಷಣ ಕೊಡಬೇಕು ಅಂದ.

'ಇದನ್ನೇ ಗೀತೆಯಲ್ಲೂ ಹೇಳಿದೆ' ಅಂತ ಹೋಲಿಸಬಹುದಾ?

ಹೋಲಿಸದೆ ಇರಲು ನಮಗೆ ಆಗುವುದೂ ಇಲ್ಲ. ಎರಡು ಲೋಕಗಳಿಗೆ ನಿಜವಾದ ಭೇಟಿಯೂ ಆಗಿತ್ತು. ಅಲೆಕ್ಸಾಂಡರನ ದಂಡಿನ ಜೊತೆ ಬಂದ ಒನೆಸಿಕ್ರಿಟಸ್ ತಕ್ಷಶಿಲೆಯಲ್ಲಿ ಬೆತ್ತಲೆ ಸಾಧುಗಳ ಜೊತೆ ಮಾತಾಡಿದ. ಪೈರೋ ಎಂಬ ಗ್ರೀಕ್ ತತ್ವಜ್ಞಾನಿ ಕೂಡ ಅಂಥವರನ್ನು ಕಂಡ ಅಂತ ಹೇಳಿಕೆ ಇದೆ. ಆದರೆ 'ಇದೂ ಅದೇ' ಅಂದ ತಕ್ಷಣ ಚರ್ಚೆ ನಿಂತುಹೋಗುತ್ತದೆ. ಫಲದ ಮೇಲೆ ಆಸೆ ಬೇಡ ಅನ್ನುವ ಗೀತೆಯ ಮಾತಿಗೂ ಎಪಿಕ್ಟೆಟಸ್‌ನ ಮಾತಿಗೂ ಹತ್ತಿರವಿದೆ. ಗೀತೆಯ ಹಿಂದೆ ಪುನರ್ಜನ್ಮ, ಮೋಕ್ಷ ಇವೆ. ಎಪಿಕ್ಟೆಟಸ್‌ಗೆ ಇರುವುದು ಈ ಒಂದು ಬದುಕು. ಆ ವ್ಯತ್ಯಾಸ ಇಬ್ಬರ ಸಲಹೆಯನ್ನೂ ಹೇಗೆ ಬದಲಿಸುತ್ತದೆ ಅಂತ ಕೇಳಿ. ಮೊದಲ ಒಂದು ಗಂಟೆ ಗ್ರೀಕರಿಗೆ ಬಿಡಿ, ಹೋಲಿಕೆ ಎರಡನೇ ಗಂಟೆಗೆ.

ಒಬ್ಬರೇ ಮಾತಾಡುತ್ತಿದ್ದರೆ, ಜಗಳ ಆದರೆ ಏನು ಮಾಡುವುದು?

ಜರ್ಮನಿಯ ತತ್ವಜ್ಞಾನಿ ಲಿಯೊನಾರ್ಡ್ ನೆಲ್ಸನ್ 1922ರಲ್ಲಿ ಸಾಕ್ರಟೀಸನ ವಿಧಾನದ ಬಗ್ಗೆ ಒಂದು ಭಾಷಣ ಮಾಡಿದರು. ಅವರ ಶಿಷ್ಯ ಗುಸ್ತಾವ್ ಹೆಕ್ಮನ್ ಅದನ್ನು ಗುಂಪು ಚರ್ಚೆಯ ಕ್ರಮವಾಗಿ ಬೆಳೆಸಿದರು. ಅದರಿಂದ ಮೂರು ನಿಯಮ ಎರವಲು ಪಡೆಯಿರಿ. ನಡೆಸುವವರು ತಮ್ಮ ಅಭಿಪ್ರಾಯ ಹೇಳುವಂತಿಲ್ಲ. ಮಾತಾಡುವವರು ತಾವೇ ಕಂಡುಂಡ ಒಂದು ಉದಾಹರಣೆ ಕೊಡಬೇಕು, ದೊಡ್ಡವರ ಹೆಸರು ಹೇಳಿ ಬಾಯಿ ಮುಚ್ಚಿಸುವಂತಿಲ್ಲ. ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ತಿರುಗಿ ಹೇಳಿದ ಮೇಲೆಯೇ ಆಕ್ಷೇಪ ಎತ್ತಬೇಕು. ಮೂರನೆಯದು ಜಗಳಗಳಲ್ಲಿ ಹೆಚ್ಚಿನವನ್ನು ಅಲ್ಲೇ ತಣ್ಣಗೆ ಮಾಡುತ್ತದೆ. ಗುಂಪಿನಲ್ಲಿ ಹೇಳಿದ ಮನೆಯ ವಿಷಯ ಹೊರಗೆ ಹೋಗಬಾರದು, ಇದಕ್ಕೆ ರಿಯಾಯಿತಿ ಇಲ್ಲ.

ಕಾಲೇಜು ಹುಡುಗರು ಬರಬಹುದಾ? ನಿವೃತ್ತರು?

ನೀತಿಯ ಪಾಠಕ್ಕೆ ಎಳೆಯರು ತಕ್ಕವರಲ್ಲ, ಅವರಿಗೆ ಬದುಕಿನ ಅನುಭವ ಸಾಲದು ಅನ್ನುತ್ತಾನೆ ಅರಿಸ್ಟಾಟಲ್. ಎಳೆಯರು ಮುಂದೂಡಬಾರದು, ಮುದುಕರು ದಣಿಯಬಾರದು ಅಂತ ಪತ್ರ ಶುರು ಮಾಡುತ್ತಾನೆ ಎಪಿಕ್ಯೂರಸ್. ನಾವು ಎಪಿಕ್ಯೂರಸ್‌ನ ಮಾತು ಕೇಳುತ್ತೇವೆ. ಇಬ್ಬರೂ ಬನ್ನಿ.

ಮನಸ್ಸು ತುಂಬಾ ಕುಗ್ಗಿದೆ. ಇಲ್ಲಿಗೆ ಬಂದರೆ ಸರಿಹೋಗುತ್ತದಾ?

ಬನ್ನಿ, ಜೊತೆ ಸಿಗುತ್ತದೆ. ಆದರೆ ಇದು ಚಿಕಿತ್ಸೆ ಅಲ್ಲ. ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಮೊದಲು ಡಾಕ್ಟರನ್ನು ನೋಡಿ.

ಇಷ್ಟೆಲ್ಲ ಓದಿದರೆ ಮನುಷ್ಯ ಒಳ್ಳೆಯವನಾಗುತ್ತಾನಾ?

ಓದಿದ್ದರಿಂದಲೇ ಆಗುವುದಿಲ್ಲ ಅಂತ ಅವರೇ ಒಪ್ಪುತ್ತಾರೆ. ವೈದ್ಯನ ಮಾತನ್ನು ಗಮನವಿಟ್ಟು ಕೇಳಿ, ಹೇಳಿದ್ದು ಒಂದನ್ನೂ ಮಾಡದ ರೋಗಿಗಳ ಉದಾಹರಣೆ ಅರಿಸ್ಟಾಟಲ್ ಕೊಡುತ್ತಾನೆ. ನ್ಯಾಯದ ಕೆಲಸ ಮಾಡಿ ಮಾಡಿಯೇ ನ್ಯಾಯವಂತರಾಗುವುದು ಅನ್ನುತ್ತಾನೆ. ಕುರಿಗಳು ಎಷ್ಟು ಮೇವು ತಿಂದೆವು ಅಂತ ಕುರುಬನಿಗೆ ತೋರಿಸುವುದಿಲ್ಲ, ಉಣ್ಣೆ ಮತ್ತು ಹಾಲು ಕೊಡುತ್ತವೆ ಅನ್ನುವುದು ಎಪಿಕ್ಟೆಟಸ್‌ನ ಮಾತು.

ಹಾಗಾದರೆ ಓದು ಏನು ಮಾಡುತ್ತದೆ? ನಾನು ಕಂಡ ಮಟ್ಟಿಗೆ, ಒಂದೇ ಜನರ ಜೊತೆ ವರ್ಷಗಟ್ಟಲೆ ಕೂತು ಓದಿದವರು ಪರಸ್ಪರ ಲೆಕ್ಕ ಕೇಳುವ ಸಲುಗೆ ಪಡೆಯುತ್ತಾರೆ. ಹೋದ ತಿಂಗಳು ಅಣ್ಣನ ಜೊತೆ ಮಾತು ಬಿಟ್ಟಿದ್ದೆ ಅಂದಿರಲ್ಲ, ಏನಾಯಿತು ಅಂತ ಒಬ್ಬರು ಕೇಳುತ್ತಾರೆ. ಉತ್ತರ ಹೇಳಲೇಬೇಕಾಗುತ್ತದೆ. ಹೀಗೆ ಕೇಳುವವರು ಇದ್ದಾರೆ ಅನ್ನುವ ಕಾರಣಕ್ಕೇ ಫೋನ್ ಮಾಡಿದವರಿದ್ದಾರೆ.

ಮಧ್ಯದಲ್ಲಿ ಬಿಟ್ಟುಹೋದವರು ಮತ್ತೆ ಸೇರಬಹುದಾ?

ಖಂಡಿತ. ಹೊಸ ಸಂಭಾಷಣೆ ಅಥವಾ ಅರಿಸ್ಟಾಟಲ್‌ನ ಹೊಸ ಭಾಗ ಶುರುವಾಗುವ ದಿನ ಬಂದರೆ ಅನುಕೂಲ. ತಪ್ಪಿದ ಭಾಗವನ್ನು ಪೂರ್ತಿ ಓದಿ ಬರಬೇಕು ಅಂತೇನಿಲ್ಲ. ಬಂದ ದಿನ ಹತ್ತು ನಿಮಿಷ ಮುಂಚೆ ಬನ್ನಿ, ಎಲ್ಲಿದ್ದೇವೆ ಅಂತ ಯಾರಾದರೂ ಹೇಳುತ್ತಾರೆ.